ಆಡುಸೋಗೆಯ ಅಳತೆ

(ಬೆಳಗಾವಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಔಷಧಿ ಗಿಡಗಳ ಬಗ್ಗೆ ಮಾತಾಡಲು ಕರೆದಾಗ ಕಾಡಿನ ಅಪರೂಪದ ಗಿಡವೊಂದನ್ನು ಆರಿಸಿಕೊಳ್ಳುವುದು ರೂಢಿ. ಖಾನಾಪುರ ತಾಲೂಕಿನಲ್ಲಿ ಅಂಥವಕ್ಕೆ ಬರವಿಲ್ಲ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಭೀಮಗಡ ಇದೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಾಡಿದೆ. ಆದರೆ ನಾನು ಆರಿಸಿಕೊಂಡಿರುವುದು ಆಡುಸೋಗೆ. ಇಲ್ಲಿ ಕೂತಿರುವ ಹೆಚ್ಚಿನವರು ಅದನ್ನು ನೋಡಿದ್ದೀರಿ, ಅರ್ಧದಷ್ಟು ಜನ ಬಾಲ್ಯದಲ್ಲಿ ಮೂಗು ಮುಚ್ಚಿಕೊಂಡು ಕುಡಿದಿದ್ದೀರಿ. ಅಳಿದುಹೋಗುತ್ತದೆಂದು ಹೆದರಬೇಕಾದ ಗಿಡವಲ್ಲ ಅದು. ಟೊಂಗೆ ಮುರಿದು ಮಳೆಗಾಲದ ಮೊದಲಿಗೆ ಹಸಿ ನೆಲದಲ್ಲಿ ಊರಿದರೆ ಸಾಕು, ಚಿಗುರುತ್ತದೆ.

ಗಿಡ ಉಳಿದೀತು. ಅದನ್ನು ಎಷ್ಟು ಕೊಡಬೇಕು, ಹೇಗೆ ಕೊಡಬೇಕು, ಯಾರಿಗೆ ಕೊಡಬಾರದು, ಎಲ್ಲಿಗೆ ನಿಲ್ಲಿಸಬೇಕು ಎಂದು ಬಲ್ಲವರು ಮಾತ್ರ ಕಣ್ಣೆದುರೇ ಕಡಿಮೆಯಾಗುತ್ತಿದ್ದಾರೆ. ಈ ಬಲ್ಲತನವನ್ನು ನಾನು ಅಳತೆ ಎಂದು ಕರೆಯುತ್ತೇನೆ. ಮದ್ದು ಇರುವುದು ಎಲೆ ಮತ್ತು ಅಳತೆ ಎರಡೂ ಕೂಡಿದಲ್ಲಿ. ಇವತ್ತು ನನಗೆ ಹೇಳಬೇಕೆನಿಸಿರುವುದು ಇದನ್ನೇ.

ಗಿಡವನ್ನು ಹತ್ತಿರದಿಂದ ನೋಡದ ಹುಡುಗ ಹುಡುಗಿಯರಿಗಾಗಿ ಮೊದಲು ಅದರ ಚಹರೆ ಹೇಳಿಬಿಡುತ್ತೇನೆ. ಆಳೆತ್ತರದ, ಕೆಲವೆಡೆ ಆಳನ್ನೂ ಮೀರುವ ನಿತ್ಯಹಸುರಿನ ಪೊದೆ. ಎದುರುಬದುರಾಗಿ ಜೋಡಿಸಿದ ಎಲೆಗಳು, ಸುಮಾರು ಗೇಣುದ್ದ, ಎರಡೂ ತುದಿಗೆ ಕಿರಿದು. ಉಜ್ಜಿದರೆ ಹಿತವಲ್ಲದ ಘಾಟು, ನಾಲಿಗೆಗೆ ಕಹಿ. ಟೊಂಗೆಯ ತುದಿಯಲ್ಲಿ ಒತ್ತೊತ್ತಾದ ತೆನೆ, ತೆನೆಯ ಮೇಲೆ ಹಸಿರು ಉಪಪತ್ರಗಳ ನಡುವಿನಿಂದ ಇಣುಕುವ ಬಿಳಿ ಹೂ. ಹೂವಿಗೆ ಎರಡು ತುಟಿ; ಕೆಳತುಟಿಯ ಮೇಲೆ ನೇರಳೆ ಗೀರುಗಳು. ಒಮ್ಮೆ ಆ ಗೀರುಗಳನ್ನು ನೋಡಿದವರು ಈ ಗಿಡವನ್ನು ಮತ್ತೆ ಬೇರೆಯದೆಂದು ತಿಳಿಯುವುದಿಲ್ಲ. ಕಾಯಿ ಗದೆಯಾಕಾರದ್ದು, ಒಳಗೆ ನಾಲ್ಕು ಬೀಜ. ಬೆಳಗಾವಿ ಸೀಮೆಯಲ್ಲಿ ಅಡಸಾಲ ಎಂದರೂ ಆಡುಸೋಗೆ ಎಂದರೂ ತಿಳಿಯುತ್ತದೆ, ಖಾನಾಪುರದ ಮರಾಠಿ ಮನೆಗಳಲ್ಲಿ ಅಡುಳಸಾ, ವೈದ್ಯಗ್ರಂಥಗಳಲ್ಲಿ ವಾಸಾ. ಲಿನೇಯಸ್ 1753ರಲ್ಲಿ ಇಟ್ಟ ಹೆಸರು ಜಸ್ಟೀಸಿಯ ಆಧಟೋಡ. ಆಮೇಲೆ ಬಂದ ಆಧಟೋಡ ವಾಸಿಕ ಎಂಬ ಹೆಸರೇ ಔಷಧಿ ಬಾಟಲಿಗಳ ಮೇಲೆ ಇನ್ನೂ ಹೆಚ್ಚಾಗಿ ಕಾಣುತ್ತದೆ.

ಆಡುಸೋಗೆ ಮನುಷ್ಯರ ಅಕ್ಕಪಕ್ಕದಲ್ಲಿ ಬದುಕುವ ಗಿಡ, ದಟ್ಟ ಕಾಡಿನದಲ್ಲ. ಊರ ಹೊರಗಿನ ಬಯಲು, ಹೊಲದ ಬದು, ಹಿತ್ತಲಿನ ಬೇಲಿ, ಹಾಳುಬಿದ್ದ ಗೋಡೆಯ ಬುಡ. ದನ ಬಾಯಿ ಹಾಕುವುದಿಲ್ಲ, ಆಡು ಕೂಡ ಮೂಸಿ ಮುಂದೆ ಹೋಗುತ್ತದೆ. ಬೇಲಿಗೆ ಇದಕ್ಕಿಂತ ಒಳ್ಳೆಯ ಗುಣ ಏನು ಬೇಕು? ಕಳ್ಳಿ, ಲಕ್ಕಿ, ಕತ್ತಾಳೆಯ ಸಾಲಿನಲ್ಲಿ ಆಡುಸೋಗೆಯನ್ನೂ ಸೇರಿಸಿ ನಮ್ಮ ಹಿರಿಯರು ಬದು ಕಟ್ಟಿದರು. ಬೇಲಿಗಾಗಿ ನೆಟ್ಟದ್ದು ಮದ್ದಿಗೆ ಒದಗಿತೋ, ಮದ್ದಿಗಾಗಿ ನೆಟ್ಟದ್ದು ಬೇಲಿಯಾಯಿತೋ ಹೇಳಲಾಗದು. ಎಲೆಯನ್ನು ಗದ್ದೆಗೆ ಹಸಿರು ಗೊಬ್ಬರವಾಗಿ ತುಳಿಸುವುದು, ಹಣ್ಣು ಮಾಗಿಸಲು ಸುತ್ತಿಡುವುದು, ಕಾಳಿಗೆ ಹುಳ ಬೀಳದಂತೆ ಇಡುವುದು ದೇಶದ ಹಲವು ಕಡೆ ನಡೆದುಬಂದ ಪದ್ಧತಿಗಳು. ಅದರ ಕಟ್ಟಿಗೆಯ ಇದ್ದಿಲು ಒಂದು ಕಾಲಕ್ಕೆ ಮದ್ದಿನಪುಡಿಗೂ ಹೋಗುತ್ತಿತ್ತು.

ಈಗ ಅಳತೆಯ ಮಾತಿಗೆ ಬರುತ್ತೇನೆ. ಜಾಂಬೋಟಿ ಕಡೆಯ ಒಂದು ಹಳ್ಳಿಯಲ್ಲಿ ನನಗೆ ಪರಿಚಯವಿದ್ದ ಒಬ್ಬ ಅಜ್ಜಿ ಸುತ್ತಲ ಮನೆಗಳ ಕೆಮ್ಮಿಗೆ ಮದ್ದು ಕೊಡುತ್ತಿದ್ದರು. ಹೆಸರು ಹೇಳುವುದು ಅವರಿಗೆ ಇಷ್ಟವಾಗುತ್ತಿರಲಿಲ್ಲ, ಹೇಳುವುದಿಲ್ಲ. ಅವರು ರಸ ತೆಗೆಯುವುದನ್ನು ನೋಡುವುದೇ ಒಂದು ಪಾಠ. ಆಡುಸೋಗೆಯ ಹಸಿ ಎಲೆಯನ್ನು ಎಷ್ಟು ಜಜ್ಜಿದರೂ ರಸ ಸರಿಯಾಗಿ ಬರುವುದಿಲ್ಲ. ಪುಸ್ತಕ ಓದಿ ಮದ್ದು ಮಾಡಲು ಹೊರಟವರು ಮೊದಲು ಸೋಲುವುದೇ ಅಲ್ಲಿ. "ಹಸಿ ಎಲಿ ಹಿಂಡಿದ್ರ ಏನ ಬರತೈತ್ರಿ? ಕೈ ಹಸರ ಆಗತೈತಿ, ಅಷ್ಟ" ಎನ್ನುತ್ತಿದ್ದರು. ತೀರಾ ಎಳೆಯದೂ ಅಲ್ಲದ, ಹಳದಿಗೆ ತಿರುಗಿದ್ದೂ ಅಲ್ಲದ ಎಲೆಗಳನ್ನು ಆರಿಸಿ, ತೊಳೆದು, ನೀರು ಆರಿಸಿ, ಬಾಳೆ ಎಲೆಯಲ್ಲಿ ಬಿಗಿಯಾಗಿ ಸುತ್ತುವರು. ಒಲೆಯ ಕೆಂಡವನ್ನು ಬದಿಗೆ ಸರಿಸಿ, ಬಿಸಿ ಬೂದಿಯಲ್ಲಿ ಆ ಪೊಟ್ಟಣವನ್ನು ಹೂಳುವರು. ಮೇಲಿನ ಬಾಳೆ ಎಲೆ ಕಪ್ಪಾಗಿ, ಘಾಟಿನ ವಾಸನೆ ಹೋಗಿ ಬೆಂದ ಸೊಪ್ಪಿನ ವಾಸನೆ ಬಂದಾಗ ಹೊರಗೆ ತೆಗೆಯುವುದು. ಒಳಗಿನ ಎಲೆ ಬಾಡಿ ಮೆತ್ತಗಾಗಿರುತ್ತದೆ, ಬಣ್ಣ ಗಾಢವಾಗಿರುತ್ತದೆ. ಕಲ್ಲಿನಲ್ಲಿ ಎರಡು ಸುತ್ತು ಅರೆದು ಶುಭ್ರ ಅರಿವೆಯಲ್ಲಿ ಹಿಂಡಿದರೆ, ಆಗ ಇಳಿಯುತ್ತದೆ ದಟ್ಟ ಹಸಿರು ರಸ. ಒಂದು ದೊಡ್ಡ ಹಿಡಿ ಎಲೆಗೆ ಕೆಲವೇ ಚಮಚ.

ಆ ಕೆಲವು ಚಮಚವನ್ನು ಖಾನಾಪುರದ ಕುಂಬಾರರು ಮಾಡಿದ ಪುಟ್ಟ ಕುಡಿಕೆಗೆ ಹಾಕಿ, ಅಷ್ಟೇ ಜೇನು, ಚಿಟಿಕೆ ಮೆಣಸಿನ ಪುಡಿ ಬೆರೆಸುವರು. ದೊಡ್ಡವರಿಗೆ ಬೆಳಿಗ್ಗೆ ಎರಡು ಸಣ್ಣ ಚಮಚ, ಸಂಜೆ ಎರಡು. ಅವತ್ತಿನದು ಅವತ್ತಿಗೆ, ಉಳಿದದ್ದನ್ನು ಮರುದಿನ ಕೊಡುವುದಿಲ್ಲ. ಒಬ್ಬ ಹೆಂಗಸು ಬಂದು ಕೂತರೆ ಮೊದಲ ಪ್ರಶ್ನೆ ಕೆಮ್ಮಿನದಲ್ಲ: "ತಿಂಗಳ ನಿಂತಾವೇನವಾ?" ಹೌದೆಂದರೆ, ಅನುಮಾನ ಎಂದರೂ ಸಾಕು, "ಇದು ನಿನಗ ಕೊಡಂಗಿಲ್ಲ ಮಗಳ" ಎಂದು ಶುಂಠಿ, ಬೆಲ್ಲ ಹೇಳಿ ಕಳಿಸುವರು. ಕೂಸುಗಳಿಗೆ ಕೊಡುತ್ತಿರಲಿಲ್ಲ. ಎಲ್ಲರಿಗೂ ಹೇಳುತ್ತಿದ್ದ ಕೊನೆಯ ಮಾತು ಒಂದೇ: "ಮೂರು ದಿನ ತಗೋ. ಕಮ್ಮಿ ಆಗಲಿಲ್ಲಂದ್ರ ನನ್ನ ಕಡೆ ಬರಬ್ಯಾಡ, ದವಾಖಾನಿಗೆ ಹೋಗು."

ಅಜ್ಜಿ ಓದು ಬರಹ ಬಲ್ಲವರಲ್ಲ. ಅವರ ಬೂದಿಯ ಪೊಟ್ಟಣವಾದರೋ ಶಾರ್ಙ್ಗಧರ ಸಂಹಿತೆಯ ಪುಟಪಾಕದ ಮನೆಯಾವೃತ್ತಿ. ಅಲ್ಲಿಯೂ ಎಲೆಯನ್ನು ಅರೆದು ಉಂಡೆ ಮಾಡಿ, ಬೇರೆ ಎಲೆಗಳಲ್ಲಿ ಸುತ್ತಿ, ಮೇಲೆ ಎರಡು ಬೆರಳು ದಪ್ಪ ಮಣ್ಣು ಮೆತ್ತಿ, ಮಣ್ಣು ಕೆಂಪಗಾಗುವವರೆಗೆ ಬೆಂಕಿಯಲ್ಲಿಟ್ಟು, ಆಮೇಲೆ ರಸ ಹಿಂಡಿ ಜೇನಿನೊಡನೆ ಕೊಡುವ ಕ್ರಮವಿದೆ. ವಾಸಾ ಅದಕ್ಕೆ ಹೇಳಿದ ಗಿಡಗಳಲ್ಲಿ ಒಂದು. ಇನ್ನೂ ಹಿಂದೆ, ಚರಕ ಸಂಹಿತೆಯ ರಕ್ತಪಿತ್ತ ಚಿಕಿತ್ಸೆಯಲ್ಲಿ ವಾಸಾಘೃತ ಬರುತ್ತದೆ. ವಾಸಾವಲೇಹ, ವಾಸಾರಿಷ್ಟ ಇವತ್ತಿಗೂ ಆಯುರ್ವೇದ ಅಂಗಡಿಗಳಲ್ಲಿ ಸಿಗುತ್ತವೆ. ಭಾರತದ ಆಯುರ್ವೇದ ಫಾರ್ಮಕೋಪಿಯಾದ ಮೊದಲ ಸಂಪುಟ ವಾಸಾ ಎಲೆಗೆ ಕೊಡುವ ಪ್ರಮಾಣ, ಹಸಿ ಎಲೆಯ ರಸವಾದರೆ 10ರಿಂದ 20 ಮಿಲಿಲೀಟರು. ಅಜ್ಜಿಯ ಎರಡು ಸಣ್ಣ ಚಮಚ ಆ ಅಳತೆಯ ಕೆಳಗಿನ ಅಂಚಿಗೆ ಬಂದು ನಿಲ್ಲುತ್ತದೆ. ಕನ್ನಡದಲ್ಲೂ ಕೀರ್ತಿವರ್ಮನ ಗೋವೈದ್ಯ, ಮಂಗರಾಜನ ಖಗೇಂದ್ರಮಣಿದರ್ಪಣ ಹುಟ್ಟಿದ ನಾಡು ಇದು. ಪ್ರಮಾಣ ಹೇಳದೆ ಮದ್ದು ಹೇಳುವುದು ನಮ್ಮ ಪರಂಪರೆಯ ರೀತಿಯಲ್ಲ.

ರಸಾಯನಶಾಸ್ತ್ರ ಈ ಗಿಡದ ಹತ್ತಿರ ಬಂದದ್ದು 1888ರಲ್ಲಿ. ಊಟಿಯಲ್ಲಿ ಸಿಂಕೋನಾ ತೊಗಟೆಯ ಪರೀಕ್ಷೆಗೆಂದು ಸರಕಾರ ನೇಮಿಸಿದ್ದ ಡೇವಿಡ್ ಹೂಪರ್ ಆಡುಸೋಗೆಯ ಎಲೆಯಿಂದ ಒಂದು ಕ್ಷಾರಸತ್ವವನ್ನು ಬೇರ್ಪಡಿಸಿ ವಾಸಿಸಿನ್ ಎಂದು ಕರೆದರು. ಕಲ್ಕತ್ತೆಯ ಟ್ರಾಪಿಕಲ್ ಮೆಡಿಸಿನ್ ಶಾಲೆಯಲ್ಲಿ ರಾಮನಾಥ ಚೋಪ್ರಾ ಮತ್ತು ಸಂಗಡಿಗರು 1925ರಲ್ಲಿ ಅದರ ಗುಣಗಳನ್ನು ಪರೀಕ್ಷಿಸಿ ಬರೆದರು. ಅಮೀನ್ ಮತ್ತು ಮೆಹ್ತಾ ಇದೇ ಗಿಡದ ಇನ್ನೊಂದು ಸತ್ವವಾದ ವಾಸಿಸಿನೋನ್ ಶ್ವಾಸನಾಳಗಳನ್ನು ಹಿಗ್ಗಿಸುತ್ತದೆ ಎಂದು 1959ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಸಿ ಎಲೆಯ ವಾಸಿಸಿನ್ ಗಾಳಿಗೆ ಒಡ್ಡಿಕೊಂಡಾಗ ವಾಸಿಸಿನೋನ್ ಆಗಿ ಬದಲಾಗುತ್ತ ಹೋಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹಸಿ ರಸ, ಒಣಗಿದ ಪುಡಿ, ವಾರ ಇಟ್ಟ ಕಷಾಯ ಒಂದೇ ಮದ್ದಲ್ಲ. ಅವತ್ತಿನದು ಅವತ್ತಿಗೆ ಎಂಬ ಅಜ್ಜಿಯ ಕಟ್ಟಳೆಗೆ ಇಲ್ಲಿ ಒಂದು ಆಧಾರ ಕಾಣುತ್ತದೆ.

ಆಮೇಲಿನ ಕಥೆ ಜರ್ಮನಿಯದು. ವಾಸಿಸಿನ್‌ನ ರಚನೆಯನ್ನು ಮಾದರಿಯಾಗಿಟ್ಟುಕೊಂಡು ಬೋರಿಂಗರ್ ಇಂಗೆಲ್ಹೈಮ್ ಕಂಪನಿ ಬ್ರೋಮ್‌ಹೆಕ್ಸಿನ್ ಎಂಬ ಔಷಧ ಸಿದ್ಧಪಡಿಸಿ 1963ರಲ್ಲಿ ಮಾರುಕಟ್ಟೆಗೆ ತಂದಿತು. ಗಟ್ಟಿ ಕಫವನ್ನು ತೆಳುಮಾಡಿ ಹೊರಬರಲು ಅನುವಾಗಿಸುವ ಔಷಧ. ಬ್ರೋಮ್‌ಹೆಕ್ಸಿನ್ ದೇಹದೊಳಗೆ ಒಡೆದಾಗ ಸಿಗುವ ಆಂಬ್ರಾಕ್ಸಾಲ್ ಕೂಡ 1970ರ ದಶಕದ ಕೊನೆಗೆ ಪ್ರತ್ಯೇಕ ಔಷಧವಾಗಿ ಬಂತು. ಬೆಳಗಾವಿಯ ಯಾವುದೇ ಔಷಧಿ ಅಂಗಡಿಗೆ ಹೋಗಿ ಕಫದ ಸಿರಪ್ಪು ಕೇಳಿ, ಬಾಟಲಿಯನ್ನು ತಿರುಗಿಸಿ ಸಣ್ಣ ಅಕ್ಷರ ಓದಿ. ಇವೆರಡರಲ್ಲಿ ಒಂದು ಬಹಳ ಮಟ್ಟಿಗೆ ಸಿಗುತ್ತದೆ. ಆಂಬ್ರಾಕ್ಸಾಲ್ ಈಗ ಇನ್ನೂ ದೂರ ಹೋಗಿದೆ. ಜೀವಕೋಶದ ಒಂದು ಕಿಣ್ವಕ್ಕೆ ಅದು ಆಸರೆಯಾಗಬಲ್ಲದು ಎಂದು 2009ರಲ್ಲಿ ಗೊತ್ತಾದ ಮೇಲೆ ಗೋಶೆ ರೋಗಕ್ಕೂ ಪಾರ್ಕಿನ್ಸನ್ ರೋಗಕ್ಕೂ ಅದನ್ನು ಪರೀಕ್ಷಿಸುತ್ತಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡ ಪಾರ್ಕಿನ್ಸನ್ ರೋಗಿಗಳ ಮೇಲಿನ ತನ್ನ ಮೊದಲ ಪ್ರಯೋಗದ ಫಲಿತಾಂಶವನ್ನು 2020ರಲ್ಲಿ ಪ್ರಕಟಿಸಿತು. ಹೊಲದ ಬದುವಿನ ಪೊದೆಯಿಂದ ಹೊರಟ ಎಳೆಯೊಂದು ಮಿದುಳಿನ ರೋಗದವರೆಗೆ ಹೋಗಿದೆ ಎಂದು ತಿಳಿದಾಗ ನನಗಾದ ಸಂತೋಷವನ್ನು ಮುಚ್ಚಿಡಬೇಕಾದ ಕಾರಣವಿಲ್ಲ.

ಅದರ ಜೊತೆಗೇ ಒಂದು ನೋವೂ ಇದೆ. ಈ ದೇಶದ ಯಾವ ಹಳ್ಳಿಗೂ ಆ ಔಷಧದಿಂದ ಬಿಡಿಗಾಸು ಬಂದಿಲ್ಲ. ಜೀವವೈವಿಧ್ಯ ಒಪ್ಪಂದ 1992ರದು, ನಮ್ಮ ಜೀವವೈವಿಧ್ಯ ಕಾಯ್ದೆ 2002ರದು. 1963ರ ಔಷಧಕ್ಕೆ ಇವು ಅನ್ವಯಿಸುವುದಿಲ್ಲ. 2023ರ ತಿದ್ದುಪಡಿಯಾದರೋ ಗ್ರಂಥಸ್ಥ ಜ್ಞಾನದ ಬಳಕೆಯನ್ನೂ ನೋಂದಾಯಿತ ಆಯುಷ್ ವೈದ್ಯರನ್ನೂ ಲಾಭ ಹಂಚಿಕೆಯ ಕಟ್ಟಳೆಯಿಂದ ಹೊರಗಿಟ್ಟಿತು. ವೈದ್ಯರಿಗೆ ಕಿರುಕುಳ ತಪ್ಪಿತು ಎಂಬುದು ನಿಜ. ಆಡುಸೋಗೆಯ ವಿಷಯದಲ್ಲಿ ಚರಕನಲ್ಲಿರುವುದೂ ಜಾಂಬೋಟಿಯ ಒಲೆಯ ಬದಿಯಲ್ಲಿರುವುದೂ ಒಂದರೊಳಗೊಂದು ಬೆರೆತ ಜ್ಞಾನ. ಗ್ರಂಥದಲ್ಲಿದೆ ಎಂಬ ಕಾರಣಕ್ಕೆ ಒಲೆಯ ಬದಿಯವರ ಪಾಲು ಕರಗಿಹೋಗುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಪ್ರಯೋಗಾಲಯ ನಮ್ಮಿಂದ ಸತ್ವವನ್ನು ಪಡೆದುಕೊಂಡಿತು; ಅಳತೆಯನ್ನು ತಾನೇ ಹೊಸದಾಗಿ ಕಂಡುಕೊಂಡಿತು. ಕೆಲವೊಮ್ಮೆ ಅಜ್ಜಿಯ ಅಳತೆಗೇ ಬಂದು ಸೇರಿತು. ಜಮ್ಮುವಿನ ಪ್ರಾದೇಶಿಕ ಸಂಶೋಧನಾಲಯದಲ್ಲಿ ಸಿ.ಕೆ. ಅಟಲ್ ಅವರ ತಂಡ ವಾಸಿಸಿನ್ ಗರ್ಭಾಶಯವನ್ನು ಸಂಕುಚಿಸುವಂತೆ ಮಾಡುತ್ತದೆ, ಗರ್ಭಪಾತಕ್ಕೂ ಕಾರಣವಾಗಬಲ್ಲದು ಎಂದು ತೋರಿಸಿ 1980ರಲ್ಲಿ ಆ ಬಗ್ಗೆ ಗ್ರಂಥವನ್ನೇ ಪ್ರಕಟಿಸಿತು. ಸುಖಪ್ರಸವಕ್ಕೆಂದು ವಾಸಾದ ಬೇರನ್ನು ಅರೆದು ಹೊಕ್ಕುಳ ಸುತ್ತ ಲೇಪಿಸುವ ಪ್ರಯೋಗ ಹಳೆಯ ವೈದ್ಯಗ್ರಂಥಗಳಲ್ಲಿ ಇದ್ದೇ ಇತ್ತು. "ತಿಂಗಳ ನಿಂತಾವೇನವಾ" ಎಂಬ ಅಜ್ಜಿಯ ಪ್ರಶ್ನೆಯ ಹಿಂದೆ ಇರುವುದು ಎಷ್ಟೋ ತಲೆಮಾರಿನ ಹೆಂಗಸರ ಅನುಭವ. ಹಾಗಿದ್ದೂ ಮೊಬೈಲಿನಲ್ಲಿ ಹರಿದಾಡುವ ಮನೆಮದ್ದಿನ ವಿಡಿಯೊಗಳಲ್ಲಿ ಎಲೆಯ ಗುಣಗಾನ ಕೇಳಿದ್ದೇನೆ, ಈ ಪ್ರಶ್ನೆಯನ್ನು ಕೇಳಿದ ನೆನಪಿಲ್ಲ. ಬಸುರಿಯರು ಆಡುಸೋಗೆ ಕುಡಿಯಬಾರದು ಎಂಬ ಒಂದು ವಾಕ್ಯವನ್ನು ಈ ಸಭೆಯಿಂದ ಪ್ರತಿಯೊಬ್ಬರೂ ಮನೆಗೆ ಒಯ್ದರೂ ಈ ಉಪನ್ಯಾಸ ಸಾರ್ಥಕ.

ಅಳತೆ ತಪ್ಪಿದರೆ ಏನಾಗುತ್ತದೆಂದು ಕೋವಿಡ್ ಕಾಲದಲ್ಲಿ ನೋಡಿದೆವು. ಕಂಡಕಂಡ ಕಷಾಯವನ್ನು ಜನ ತಿಂಗಳುಗಟ್ಟಲೆ ಕುಡಿದರು. ಅಮೃತಬಳ್ಳಿಯನ್ನು ಹಾಗೆ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಇಲಾಖೆ ಅದನ್ನು ಒಪ್ಪಲಿಲ್ಲ, ಗಿಡ ಗುರುತಿಸುವಲ್ಲಿ ಎಡವಿರಬಹುದೆಂದಿತು. ಗಿಡ ತಪ್ಪಿತ್ತೋ, ಪ್ರಮಾಣ ತಪ್ಪಿತ್ತೋ, ಎರಡೂ ಅಳತೆಯ ಮಾತೇ. ಆಡುಸೋಗೆಯ ವ್ಯಾಪಾರದಲ್ಲೂ ಗಿಡ ತಪ್ಪುವುದುಂಟು. ಹೆಮ್ಮರವಾಗುವ ಐಲಾಂಥಸ್ ಎಕ್ಸೆಲ್ಸಾದ ಎಲೆಯನ್ನು ಒಣಗಿಸಿ ಇದರ ಬದಲಿಗೆ ಮಾರುವುದನ್ನು ಔಷಧಶಾಸ್ತ್ರದ ಪಠ್ಯಗಳೇ ದಾಖಲಿಸಿವೆ. ಒಣಗಿ ಪುಡಿಯಾದ ಮೇಲೆ ಕಣ್ಣಿಗೆ ವ್ಯತ್ಯಾಸ ತಿಳಿಯದು; ಸೂಕ್ಷ್ಮದರ್ಶಕವೇ ಬೇಕು.

ಇನ್ನು ಕ್ಷಯದ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಆಡುಸೋಗೆಯ ಮೇಲಿನ ಪ್ರೀತಿ ಜೀವಕ್ಕೆ ಎರವಾಗಬಲ್ಲದ್ದು ಇಲ್ಲಿಯೇ. ವಾಸಾ ಇರುವಾಗ ಕ್ಷಯರೋಗಿ ಎದೆಗುಂದಬೇಕಿಲ್ಲ ಎಂಬ ಭರವಸೆ ಆಯುರ್ವೇದ ಪರಂಪರೆಯಲ್ಲಿ ಬಹಳ ಹಳೆಯದು. ಆ ಮಾತು ಹುಟ್ಟಿದ ಕಾಲದಲ್ಲಿ ಕಫದಲ್ಲಿ ರಕ್ತ ಕಂಡ ಮನುಷ್ಯನಿಗೆ ಕೊಡಲು ವೈದ್ಯನ ಕೈಯಲ್ಲಿ ಇದ್ದುದರಲ್ಲಿ ಇದು ಒಳ್ಳೆಯದಾಗಿತ್ತು. ಕೆಮ್ಮು ಇಳಿಯುತ್ತಿತ್ತು, ರಾತ್ರಿ ನಿದ್ದೆ ಬರುತ್ತಿತ್ತು. 1996ರಲ್ಲಿ ಗ್ರೇಂಜ್ ಮತ್ತು ಸ್ನೆಲ್ ಎಂಬ ಸಂಶೋಧಕರು ಬ್ರೋಮ್‌ಹೆಕ್ಸಿನ್ ಹಾಗೂ ಆಂಬ್ರಾಕ್ಸಾಲ್ ಕ್ಷಯದ ರೋಗಾಣುವಿನ ಬೆಳವಣಿಗೆಯನ್ನು ತಡೆಯುವುದನ್ನು ಗಾಜಿನ ನಳಿಕೆಯಲ್ಲಿ ಕಂಡರು. ಹಳೆಯ ಭರವಸೆಗೆ ಇದು ಸಿಕ್ಕ ಸಾಕ್ಷಿ ಎಂದು ಹಲವರು ಹಿಗ್ಗಿದರು. ನಳಿಕೆಯಲ್ಲಿ ಕಂಡದ್ದು ಪುಪ್ಪುಸದಲ್ಲಿ ಆಗುತ್ತದೆಂದು ಹೇಳಲು ಬರುವುದಿಲ್ಲ. ಕ್ಷಯವನ್ನು ಗುಣಪಡಿಸುವುದು ತಿಂಗಳುಗಟ್ಟಲೆ ತಪ್ಪದೆ ನುಂಗಬೇಕಾದ ಮಾತ್ರೆಗಳು, ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು. ಸರಕಾರಿ ಆಸ್ಪತ್ರೆಯಲ್ಲಿ ಅವು ಉಚಿತ. ಎರಡು ವಾರ ಅಥವಾ ಹೆಚ್ಚು ದಿನದ ಕೆಮ್ಮಿದ್ದರೆ ಪರೀಕ್ಷೆ ಮಾಡಿಸಬೇಕೆಂಬುದು ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ನಿಯಮ. ಆಡುಸೋಗೆ ಕೆಮ್ಮನ್ನು ಚೆನ್ನಾಗಿ ಇಳಿಸುತ್ತದೆ, ಅಪಾಯವೂ ಅದರಲ್ಲೇ ಇದೆ. ಕೆಮ್ಮು ಇಳಿದದ್ದನ್ನು ರೋಗ ಇಳಿದದ್ದೆಂದು ತಿಳಿದು ಎರಡು ತಿಂಗಳು ಕಳೆದವರನ್ನು ನಾನು ಬಲ್ಲೆ. ಅಷ್ಟರಲ್ಲಿ ಅದೇ ಕೋಣೆಯಲ್ಲಿ ಮಲಗುವ ಮಗುವಿಗೂ ರೋಗ ತಗುಲಿತ್ತು. ಮೂರು ದಿನ, ಆಮೇಲೆ ದವಾಖಾನೆ ಎಂಬ ಅಜ್ಜಿಯ ಗಡಿ ರಾಷ್ಟ್ರೀಯ ಕಾರ್ಯಕ್ರಮದ ಗಡಿಗಿಂತಲೂ ಬಿಗಿಯಾದದ್ದು. ಗಿಡವನ್ನು ನಿಜವಾಗಿ ಬಲ್ಲವರು ಅದರ ಸೋಲನ್ನೂ ಬಲ್ಲರು.

ಸಿರಪ್ಪಿನ ಬಗ್ಗೆ ತಾಯಂದಿರು ಕೇಳುತ್ತಾರೆ. 2022ರಲ್ಲಿ ಗ್ಯಾಂಬಿಯ ದೇಶದಲ್ಲಿ ಭಾರತದಲ್ಲಿ ತಯಾರಾದ ಕೆಮ್ಮಿನ ಸಿರಪ್ಪಿಗೆ ಸಂಬಂಧಿಸಿ ಎಪ್ಪತ್ತರ ಹತ್ತಿರ ಮಕ್ಕಳು ತೀರಿಕೊಂಡರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮತ್ತೆ ಅದೇ ದುರಂತ. ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸಿರಪ್ಪಿಗೆ ಸೇರಿತ್ತು. ಇದನ್ನು ಓದಿದ ತಾಯಿ ಬಾಟಲಿ ಬಿಸಾಡಿ ಬೇಲಿಯ ಎಲೆಯತ್ತ ತಿರುಗಿದರೆ ಅವಳನ್ನು ದೂರುವಂತಿಲ್ಲ. ಆದರೂ ಅವಳಿಗೆ ಹೇಳಬೇಕಾದ್ದನ್ನು ಹೇಳಲೇಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧ ಬರೆದುಕೊಡಬಾರದೆಂದು ಕೇಂದ್ರ ಆರೋಗ್ಯ ಇಲಾಖೆ ಆಗ ಸೂಚಿಸಿತು. ಅಂಥ ಕೂಸುಗಳಿಗೆ ಆಡುಸೋಗೆಯ ರಸವೂ ಬೇಡ. ವರ್ಷ ತುಂಬದ ಮಗುವಿಗೆ ಜೇನು ಸಹ ಬೇಡ, ಅದರಿಂದ ಬಾಟ್ಯುಲಿಸಂ ಎಂಬ ಗಂಡಾಂತರದ ವಿಷಬಾಧೆ ಆಗಬಹುದು. ಮಗು ಏದುಸಿರು ಬಿಡುತ್ತಿದ್ದರೆ, ಉಸಿರಿಗೆ ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಆಗ ಎಲೆಯೂ ಬೇಡ, ಬಾಟಲಿಯೂ ಬೇಡ, ಕಾಯುವುದೂ ಬೇಡ.

ಈ ನಗರಕ್ಕೆ ಎರಡೂ ಬಗೆಯ ವೈದ್ಯದ ನೆನಪಿದೆ. ಟಿಳಕವಾಡಿಯ ವ್ಯಾಕ್ಸಿನ್ ಡಿಪೋದಲ್ಲಿ ಒಂದು ಕಾಲಕ್ಕೆ ಕರುಗಳ ಮೈಮೇಲೆ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಶಹಾಪುರದಲ್ಲಿ 1933ರಲ್ಲಿ ಶುರುವಾದ ಆಯುರ್ವೇದ ವಿದ್ಯಾಲಯ ಇವತ್ತು ಕೆ.ಎಲ್.ಇ. ಸಂಸ್ಥೆಯ ಬಿ.ಎಂ. ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2006ರಲ್ಲಿ ಇಲ್ಲಿ ಪ್ರಾದೇಶಿಕ ಕೇಂದ್ರ ತೆರೆಯಿತು. ನೆಹರೂ ನಗರದಲ್ಲಿರುವ ಆ ಕೇಂದ್ರವೇ ಈಗ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆ. ಅಲ್ಲಿನ ಸಂಶೋಧಕರು ಬೆಳಗಾವಿ ಪ್ರದೇಶದ ಜನಪದ ಔಷಧಿ ಸಸ್ಯಗಳ ಬಗ್ಗೆ 2009ರಲ್ಲಿ, ಮುರಿದ ಎಲುಬಿಗೆ ಪಶ್ಚಿಮ ಘಟ್ಟದ ನಾಟಿ ವೈದ್ಯರು ಬಳಸುವ ಗಿಡಗಳ ಬಗ್ಗೆ 2012ರಲ್ಲಿ ಲೇಖನ ಪ್ರಕಟಿಸಿದರು. ಇಂಥ ಕೆಲಸಕ್ಕೆ ನಡೆಯಬೇಕು, ಕೂರಬೇಕು, ವೈದ್ಯರ ವಿಶ್ವಾಸ ಗಳಿಸಬೇಕು. ಅವರ ಮೇಲೆ ನನಗೆ ಗೌರವವಿದೆ.

ಆ ಗೌರವದಿಂದಲೇ ಒಂದು ಕೋರಿಕೆ. ದೇಶದಾದ್ಯಂತ ಔಷಧಿ ಸಸ್ಯಗಳ ಪಟ್ಟಿಗಳು ಸಾಮಾನ್ಯವಾಗಿ ಒಂದೇ ಅಚ್ಚಿನಲ್ಲಿರುತ್ತವೆ: ಸಸ್ಯದ ಹೆಸರು, ಕುಟುಂಬ, ಬಳಸುವ ಭಾಗ, ರೋಗ. ಆಡುಸೋಗೆ, ಎಲೆ, ಕೆಮ್ಮು. ಅಜ್ಜಿಯ ಬಾಳೆ ಎಲೆ, ಬಿಸಿ ಬೂದಿ, ಎರಡು ಸಣ್ಣ ಚಮಚ, ತಿಂಗಳಿನ ಪ್ರಶ್ನೆ, ಮೂರು ದಿನದ ಗಡಿ, ಇವಕ್ಕೆ ಆ ಪಟ್ಟಿಯಲ್ಲಿ ಕಂಬಸಾಲು ಇರುವುದಿಲ್ಲ. ಜ್ಞಾನದ ಅತ್ಯಮೂಲ್ಯ ಭಾಗವೇ ಬಿಟ್ಟುಹೋಗಿ, ಬಿಡಿ ಎಲೆಯೊಂದು ಪುಸ್ತಕ ಸೇರುತ್ತದೆ. ಅಂಥ ಪಟ್ಟಿಯಿಂದ ಕಂಪನಿಗೆ ಸತ್ವ ಹುಡುಕಲು ಸಾಕಾದೀತು. ಖಾನಾಪುರದ ಮೊಮ್ಮಗಳಿಗೆ ಮದ್ದು ಮಾಡಲು ಸಾಲದು. 2002ರ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆದಿಡಬೇಕು. ಅಲ್ಲಿಯೂ ಇದೇ ಕೊರತೆ. ಕೊಟ್ಟ ಮದ್ದಿನ ಜೊತೆಗೆ ಕೊಡದೆ ಕಳಿಸಿದ ಸಂದರ್ಭಗಳನ್ನೂ ಬರೆಯಿರಿ. ನಾಟಿ ವೈದ್ಯೆ ಯಾರನ್ನು, ಯಾಕೆ, ಎಲ್ಲಿಗೆ ಕಳಿಸಿದಳು ಎಂಬುದು ಅವಳ ವಿದ್ಯೆಯ ಅರ್ಧ ಭಾಗ.

ಬರೆಯಲು ಸಮಯ ಬಹಳ ಇಲ್ಲ. ಬೆಳಗಾವಿ, ಖಾನಾಪುರ, ಗೋವಾ ಹೆದ್ದಾರಿ ಅಗಲವಾದಾಗ ಬಿದ್ದ ಮರಗಳು ಸುದ್ದಿಯಾದವು, ಆಗಲೇಬೇಕಿತ್ತು. ಹೊಲದ ಬೇಲಿಗಳು ಹೋದದ್ದು ಯಾರ ಲೆಕ್ಕಕ್ಕೂ ಸಿಗಲಿಲ್ಲ. ಜೆಸಿಬಿ ಬಂದು ಒಂದೇ ದಿನದಲ್ಲಿ ಬದು ಸವರಿ ಮುಳ್ಳುತಂತಿ ಎಳೆಯುತ್ತಾರೆ. ಉಳಿದ ಬದುವಿಗೆ ಕಳೆನಾಶಕ ಹೊಡೆಯುತ್ತಾರೆ. ನಗರದ ಹೊಸ ಬಡಾವಣೆಗಳಲ್ಲಿ ಹಿತ್ತಲೇ ಇಲ್ಲ. ರೈತನಿಗೆ ಒಂದು ಸಾಲು ಕಬ್ಬು ಹೆಚ್ಚು ಬರುವುದು ಸಣ್ಣ ವಿಷಯವಲ್ಲ, ಅವನ ಕಷ್ಟ ನನಗೆ ಗೊತ್ತು. ಆದರೆ ಎಲೆ ಕೈಗೆಟಕುವಲ್ಲಿ ಇಲ್ಲದಿದ್ದರೆ ಅದರ ಅಳತೆ ಕಲಿಸುವ ಸಂದರ್ಭವೇ ಮನೆಯಲ್ಲಿ ಒದಗುವುದಿಲ್ಲ. ಕೆಮ್ಮುವ ಮೊಮ್ಮಗನಿಗೆ ಎಲೆ ತರಲು ಸೊಸೆಯನ್ನು ಬೇಲಿಗೆ ಕಳಿಸುವಾಗಲೇ ಅತ್ತೆ ಅವಳಿಗೆ ಎಳೆಯದು ಬೇಡ, ಹಳದಿಯದು ಬೇಡ ಎಂದು ಹೇಳಿಕೊಡುವುದು.

ಆದ್ದರಿಂದ ಈ ದತ್ತಿಯನ್ನು ಇಟ್ಟ ಮನೆತನದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ಈ ವರ್ಷದ ಬಡ್ಡಿಯಲ್ಲಿ ಉಳಿಯುವ ಹಣದಿಂದ ನಾಲ್ಕಾರು ವಿದ್ಯಾರ್ಥಿಗಳನ್ನು ಜಾಂಬೋಟಿ, ಕಣಕುಂಬಿ, ಗುಂಜಿ, ಲೋಂಡಾ ಕಡೆಗೆ ಕಳಿಸಿ. ಕನ್ನಡ, ಮರಾಠಿ, ಕೊಂಕಣಿ ಮೂರೂ ಬಲ್ಲವರಾಗಿರಲಿ; ಹೆಣ್ಣುಮಕ್ಕಳು ಇರಲೇಬೇಕು, ಯಾಕೆಂದರೆ ತಿಂಗಳಿನ ಪ್ರಶ್ನೆಯನ್ನು ಗಂಡಸರ ಎದುರು ಯಾವ ಅಜ್ಜಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಬರೆದದ್ದು ಮೊದಲು ಆ ಅಜ್ಜಿಯಂದಿರ ಹೆಸರಿನಲ್ಲಿ, ಅವರ ಒಪ್ಪಿಗೆಯಿಂದ, ಅವರ ಪಂಚಾಯಿತಿಯ ದಾಖಲಾತಿಗೆ ಹೋಗಲಿ. ಆಮೇಲೆ ನಮ್ಮ ಪತ್ರಿಕೆಗಳಿಗೆ. ಮುಂದಿನ ವರ್ಷದ ಉಪನ್ಯಾಸ ಖಾನಾಪುರದಲ್ಲಿ ನಡೆಯಲಿ, ವೇದಿಕೆಯ ಮೇಲಿನ ಕುರ್ಚಿ ಅಲ್ಲಿನ ಮದ್ದು ಬಲ್ಲ ಹೆಂಗಸೊಬ್ಬರಿಗೆ ಸಲ್ಲಲಿ. ಅವರು ಮಾತಾಡುವಾಗ ಬರೆದುಕೊಳ್ಳಲು ನಾನೂ ಬರುತ್ತೇನೆ.